ನಡೆಯಬಹುದು, ಎತ್ತಬಹುದೇ?

ನನ್ನ ಅಕ್ಕನ ಮೊಮ್ಮಗಳು ಹೃದಯದ ಆಸ್ಪತ್ರೆಯೊಂದರಲ್ಲಿ ಟೆಕ್ನಿಷಿಯನ್ ಆಗಿ ಸೇರಿದ್ದಾಳೆ. ಮೊದಲ ಭಾನುವಾರ ಮನೆಗೆ ಬಂದವಳು ನನ್ನ ಮಂಚದ ತುದಿಯಲ್ಲಿ ಕೂತು, "ಅಜ್ಜಿ, ನೀವೂ ಇದೇ ಕೆಲ್ಸ ಮಾಡ್ತಿದ್ರಂತಲ್ಲ, ನಂಗೇನಾದ್ರೂ ಹೇಳ್ಕೊಡಿ" ಎಂದಳು. "ಏನು ಹೇಳ್ಕೊಡ್ಲೇ, ನಂಗೇ ಇನ್ನೂ ಸರಿಯಾಗಿ ಅರ್ಥ ಆಗಿಲ್ಲ" ಎಂದೆ. ಅವಳು ಅದನ್ನು ವಿನಯ ಎಂದುಕೊಂಡು ನಕ್ಕಳು. ವಿನಯವಲ್ಲ. ರಕ್ತದೊತ್ತಡ ಇರುವ ಮನುಷ್ಯ ಮೈ ದಣಿಸಿದಾಗ ಅವನೊಳಗೆ ಏನಾಗುತ್ತದೆ ಎಂದು ನೋಡುವುದೇ ನನ್ನ ಕೆಲಸವಾಗಿತ್ತು. ಪಾದರಸ ಏರುವುದನ್ನೂ ಇಳಿಯುವುದನ್ನೂ ಅಷ್ಟು ವರ್ಷ ಕಣ್ಣಾರೆ ಕಂಡೆ. ಅದು ಯಾಕೆ ಹಾಗೆ ಎಂದು ಯಾರಾದರೂ ಕೇಳಿದರೆ ಈಗಲೂ ಒಂದು ಗಳಿಗೆ ತಡವರಿಸುತ್ತೇನೆ.

ಅವಳಿಗೂ ಅವಳ ಜೊತೆಯವರಿಗೂ ಮುಖ್ಯವಾಗಿ ಒಂದು ಪ್ರಸಂಗ ಹೇಳಬೇಕಾಗಿದೆ. ಚಾಮರಾಜಪೇಟೆಯ ರುದ್ರಪ್ಪನವರು ನಂದಿಕೋಲು ಎತ್ತಬಹುದೋ ಎತ್ತಬಾರದೋ ಎಂಬ ಪ್ರಶ್ನೆ ನಮ್ಮ ಕ್ಲಿನಿಕ್ಕಿಗೆ ಬಂದು ಕೂತಿತು, ಇಬ್ಬರು ಡಾಕ್ಟರುಗಳನ್ನೂ ನನ್ನನ್ನೂ ತಬ್ಬಿಬ್ಬು ಮಾಡಿತು. ಆದರೆ ಅದಕ್ಕೂ ಮೊದಲು ಹೇಳಬೇಕಾದ ಕೆಲವು ಸಂಗತಿಗಳಿವೆ. ಇಲ್ಲದಿದ್ದರೆ ನಮಗೆ ಯಾಕೆ ಅಷ್ಟು ಗಲಿಬಿಲಿಯಾಯಿತು ಎಂಬುದು ತಿಳಿಯುವುದಿಲ್ಲ.

ನಾನು ಈ ಕೆಲಸಕ್ಕೆ ಓದಿದವಳಲ್ಲ. ಎಪ್ಪತ್ತರ ದಶಕದಲ್ಲಿ ನಾನು ಬಸವನಗುಡಿಯ ಒಬ್ಬ ಗೃಹಿಣಿ. ಗಾಂಧಿ ಬಜಾರಿನ ಹಿಂದಿನ ರಸ್ತೆಯಲ್ಲಿ ನಮ್ಮ ಮನೆ, ನಾಲ್ಕು ಮನೆ ಆಚೆ ದೊಡ್ಡ ಡಾಕ್ಟರ ಮನೆ. ಅದರ ಕೆಳಗಿನ ಭಾಗವೇ ಕ್ಲಿನಿಕ್. ಆಗ ಅವರಿಗೆ 'ದೊಡ್ಡ' ಎಂಬ ಪಟ್ಟವಿರಲಿಲ್ಲ. ಮುಂದೆ ಅವರ ಅಳಿಯ ಬಂದು ಸೇರಿಕೊಂಡು 'ಸಣ್ಣ ಡಾಕ್ಟರು' ಆದ ಮೇಲೆ ಬಂದದ್ದು. ಒಂದು ದಿನ ಅವರು ಹೊಸ ಇ.ಸಿ.ಜಿ. ಯಂತ್ರ ತರಿಸಿದರು. ಅದರ ಜೊತೆ ಬಂದ ಇಂಗ್ಲಿಷ್ ಪುಸ್ತಕವನ್ನು ಹಿಡಿದುಕೊಂಡು ನಮ್ಮ ಗೇಟಿನ ಹತ್ತಿರ ನಿಂತು, "ನೀವು ಕಾನ್ವೆಂಟಲ್ಲಿ ಓದಿದೋರು, ಇದನ್ನ ಸ್ವಲ್ಪ ನೋಡ್ಕೊಡಿ. ನಂಗೆ ಪೇಷಂಟ್ ನೋಡೋದೋ, ಈ ಪುರಾಣ ಓದೋದೋ?" ಎಂದರು. ನೋಡಿಕೊಟ್ಟೆ. ಮಾರನೆಯ ದಿನ ಒಬ್ಬ ಹೆಂಗಸು ಕಾಂಪೌಂಡರ್ ಮುಂದೆ ಸೆರಗು ಸರಿಸಲು ಒಪ್ಪದೆ ಎದ್ದು ಹೋದರಂತೆ. ಮತ್ತೆ ಕರೆ ಬಂತು. ಹೀಗೆ ಬೆಳಿಗ್ಗೆ ಅಡುಗೆ ಮುಗಿಸಿ, ಮಕ್ಕಳನ್ನು ಶಾಲೆಗೆ ಕಳಿಸಿ, ಮಧ್ಯಾಹ್ನದವರೆಗೆ ಕ್ಲಿನಿಕ್ಕಿಗೆ ಹೋಗಿ ಬರುವುದು ಶುರುವಾಯಿತು. ನಮ್ಮ ಯಜಮಾನರು, "ಊರೋರ ಎದೆ ಬಡಿತವೆಲ್ಲ ಕೇಳ್ಕೊಂಡ್ ಬಾ, ಮನೇಲಿ ಒಬ್ಬರಿಗೂ ಎದೆ ಇದೆ ಅಂತ ನೆನಪಿರ್ಲಿ" ಎಂದು ಚುಡಾಯಿಸಿ ಒಪ್ಪಿಗೆ ಕೊಟ್ಟರು. ರೋಗಿಗಳು ನನ್ನನ್ನು ನರ್ಸ್ ಎಂದುಕೊಂಡು 'ಸಿಸ್ಟರ್' ಎನ್ನುತ್ತಿದ್ದರು. ನನಗೆ ಸಿಸ್ಟರ್ ಎಂದರೆ ಬಿಳಿ ನಿಲುವಂಗಿ ತೊಟ್ಟು, ಉಗುರು ಕತ್ತರಿಸಿಲ್ಲವೆಂದು ಬೆರಳ ಗೆಣ್ಣಿಗೆ ಸ್ಕೇಲಿನಿಂದ ಕುಟ್ಟುತ್ತಿದ್ದ ನಮ್ಮ ಕಾನ್ವೆಂಟಿನ ಸನ್ಯಾಸಿನಿಯರು. ಹಾಗೆ ಕರೆದಾಗಲೆಲ್ಲ ನನಗೆ ತಿಳಿಯದೆಯೇ ಕೈಬೆರಳು ನೋಡಿಕೊಳ್ಳುತ್ತಿದ್ದೆ.

ಆಗ ರೋಗಿಗಳನ್ನು ದಣಿಸಿ ನೋಡಲು ಟ್ರೆಡ್‌ಮಿಲ್ ಇರಲಿಲ್ಲ. ಬಡಗಿಯಿಂದ ಮಾಡಿಸಿದ ಎರಡು ಮೆಟ್ಟಿಲುಗಳಿದ್ದವು, ಈ ಕಡೆಯಿಂದ ಹತ್ತಿ ಆ ಕಡೆ ಇಳಿಯುವುದು, ತಿರುಗಿ ಮತ್ತೆ ಹತ್ತುವುದು. ಆಮೇಲೆ ಮಲಗಿಸಿ ಇ.ಸಿ.ಜಿ. ತೆಗೆಯುವುದು, ಬಿ.ಪಿ. ನೋಡುವುದು. ಮೆಟ್ಟಿಲಿಗೆ ಹಾಕಿದ ಕೆಂಪು ಬಣ್ಣ ನೋಡಿ ಹಲವರು ಚಪ್ಪಲಿ ಬಾಗಿಲಲ್ಲೇ ಬಿಟ್ಟು ಬರುತ್ತಿದ್ದರು. ಒಬ್ಬ ಅಜ್ಜಿ ಮೊದಲ ಮೆಟ್ಟಿಲು ಮುಟ್ಟಿ ಕಣ್ಣಿಗೊತ್ತಿಕೊಂಡು, "ಎಷ್ಟು ಪ್ರದಕ್ಷಿಣೆ ಹಾಕ್ಬೇಕಮ್ಮಾ?" ಎಂದು ಕೇಳಿದರು. ಸೀರೆಯವರು ನೆರಿಗೆ ಎತ್ತಿ ಹಿಡಿದು ಹತ್ತುವಾಗ ಕಾಲಿನತ್ತಲೇ ಗಮನ. ಉಸಿರಿನತ್ತ ಇಲ್ಲವೇ ಇಲ್ಲ. ಅದನ್ನು ನಾನು ನೋಡಬೇಕಿತ್ತು.

ಮೊದಲ ವಾರವೇ ನಾನು ಹೆದರಿದೆ. ಮೆಟ್ಟಿಲು ಹತ್ತಿಸಿದವರೆಲ್ಲರಿಗೂ ಬಿ.ಪಿ. ಏರುತ್ತಿತ್ತು! ಕೂತಾಗ ನೂರ ಇಪ್ಪತ್ತು ಇದ್ದದ್ದು ಹತ್ತಿ ಇಳಿದ ಮೇಲೆ ನೂರ ಅರವತ್ತು. ಬಂದವರೆಲ್ಲ ರೋಗಿಗಳೇ ಎಂದುಕೊಂಡೆ. ಕೊನೆಗೆ ಸಂಶಯ ಬಂದು ನಾನೇ ಹತ್ತಿ ಇಳಿದು ಕಾಂಪೌಂಡರ್ ಕೈಯಲ್ಲಿ ನೋಡಿಸಿಕೊಂಡೆ. ನನಗೂ ಏರಿತ್ತು. ಕಣ್ಣಲ್ಲಿ ನೀರು ತುಂಬಿಕೊಂಡು ಡಾಕ್ಟರ ಮುಂದೆ ನಿಂತೆ.

"ಏರ್ಲೇಬೇಕು ವಿಮಲಮ್ನೋರೇ" ಎಂದು ಅವರು ನಕ್ಕರು. "ಹಬ್ಬದ ಹಿಂದಿನ ದಿನ ಗಾಂಧಿ ಬಜಾರ್ ನೆನೆಸ್ಕೊಳಿ. ಜನ ಜಾಸ್ತಿ ಆಗ್ತಾರೆ, ಅದು ಮೇಲಿನ ಸಂಖ್ಯೆ. ಆದ್ರೆ ಅಡ್ಡರಸ್ತೆಗಳೆಲ್ಲ ತೆರ್ಕೊಂಡ್ರೆ ನೂಕುನುಗ್ಗಲು ಆಗಲ್ಲ. ಅದಕ್ಕೇ ಕೆಳಗಿನ ಸಂಖ್ಯೆ ಇದ್ದಲ್ಲೇ ಇರತ್ತೆ, ಕೆಲವರಿಗೆ ಸ್ವಲ್ಪ ಇಳಿಯೋದೂ ಉಂಟು. ಬಿ.ಪಿ. ಇರೋರಿಗೆ ಈ ಅಡ್ಡರಸ್ತೆ, ಅಂದ್ರೆ ರಕ್ತನಾಳ, ಸರಿಯಾಗಿ ತೆರ್ಕೊಳಲ್ಲ. ಮೇಲಿಂದು ಹಾರತ್ತೆ, ಕೆಳಗಿಂದೂ ಏರತ್ತೆ. ಅಷ್ಟೇ ಕೆಲ್ಸಕ್ಕೆ ಅವರ ಹೃದಯ ಜಾಸ್ತಿ ದುಡೀಬೇಕು. ನಿಂತ ಮೇಲೂ ಬೇಗ ಇಳಿಯಲ್ಲ."

ಅರ್ಥವಾಯಿತು ಎಂದುಕೊಂಡೆ. ಅಷ್ಟರಲ್ಲಿ ವೈಯಾಲಿಕಾವಲ್‌ನ ಒಬ್ಬ ನಿವೃತ್ತ ಹೆಡ್‌ಮಾಸ್ಟರು ಬಂದರು. ಅವರು ಅಷ್ಟು ದೂರದಿಂದ ಸೈಕಲ್ ತುಳಿದು ಬರುವವರು. ಬಂದ ಕೂಡಲೇ ನೋಡಿದರೆ ಬಿ.ಪಿ. ವಿಪರೀತ. ಸರದಿ ಉದ್ದವಿತ್ತು, ಒಂದು ಗಂಟೆಯ ಮೇಲೆ ಕೂತರು. ಆಮೇಲೆ ನೋಡಿದರೆ ಮನೆಯಲ್ಲಿ ಸುಮ್ಮನೆ ಕೂತಾಗ ಇರುತ್ತಿದ್ದುದಕ್ಕಿಂತಲೂ ಕಡಿಮೆ! ನಾನು ಬಿ.ಪಿ. ಪಟ್ಟಿ ಬಿಚ್ಚಿ ಮತ್ತೆ ಕಟ್ಟಿದೆ, ಬಲಗೈ ಬಿಟ್ಟು ಎಡಗೈಗೆ ಕಟ್ಟಿದೆ. ಆಗಲೂ ಅಷ್ಟೇ ಇತ್ತು. ಮೇಷ್ಟ್ರು, "ನೋಡಿದ್ರಾ, ಸೈಕಲ್ಲೇ ನನ್ನ ಔಷಧಿ" ಎಂದು ಮಾತ್ರೆಯ ಚೀಟಿಯನ್ನು ಮೇಜಿನ ಮೇಲೇ ಬಿಟ್ಟು ಹೊರಟರು. ಡಾಕ್ಟರು, "ವ್ಯಾಯಾಮ ಮಾಡೋವಾಗ ಏರತ್ತೆ, ಮುಗಿದ ಮೇಲೆ ಕೆಲವು ಗಂಟೆ ತಗ್ಗತ್ತೆ. ಸಂಜೆಗೆ ಮತ್ತೆ ಇದ್ದಲ್ಲಿಗೇ ಬರತ್ತೆ ಮೇಷ್ಟ್ರೇ. ಸೈಕಲ್ಲೂ ಬೇಕು, ಮಾತ್ರೇನೂ ಬೇಕು" ಎಂದರು. ಏರಿಸುವ ಕೆಲಸವೇ ಇಳಿಸುವ ಕೆಲಸವೂ ಹೌದು ಎಂದಾಗ ನನಗೆ ಮನೆಗೆ ಹೋಗಿ ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂಬುದೂ ನೆನಪಾಗಲಿಲ್ಲ. ಎರಡು ಸಲ ಹಾಕಿದ್ದೆ.

ಎಂಬತ್ತರ ದಶಕದಲ್ಲಿ ಸಣ್ಣ ಡಾಕ್ಟರು ಬಂದರು, ಅವರ ಹಿಂದೆಯೇ ಟ್ರೆಡ್‌ಮಿಲ್ ಬಂತು. ಮೆಟ್ಟಿಲುಗಳು ಹಿತ್ತಲು ಸೇರಿ ಹೂಕುಂಡ ಹೊತ್ತವು. ಕಾಲ ಕೆಳಗೆ ನೆಲವೇ ಹಿಂದಕ್ಕೆ ಓಡುವ ಯಂತ್ರ ಕಂಡು ಜನ ಕಂಗಾಲಾದರು. ಪಂಚೆ ಉಟ್ಟವರಿಗೆ ನಾನು ಪಾಯಿಜಾಮ ಕೊಡಬೇಕಿತ್ತು, ಅದರ ಲಾಡಿ ಕಟ್ಟಲು ಅವರಿಗೆ ಬಾರದು, ನನಗೆ ಕಟ್ಟಲಾಗದು, ಕಾಂಪೌಂಡರ್‌ನನ್ನು ಕೂಗಬೇಕು. ದೊಡ್ಡ ಡಾಕ್ಟರು ಮನುಷ್ಯನ ಮುಖ ನೋಡಿ ನಿಲ್ಲಿಸುತ್ತಿದ್ದರು. ಸಣ್ಣವರು ಕಾಗದದ ಮೇಲಿನ ಗೆರೆ ನೋಡಿ ನಿಲ್ಲಿಸುತ್ತಿದ್ದರು. ಇಬ್ಬರೂ ಒಳ್ಳೆಯವರೇ, ಇಬ್ಬರೂ ಸರಿಯೇ. ಆದರೆ ಒಬ್ಬರು "ಸಾಕು" ಎಂದಾಗ ಇನ್ನೊಬ್ಬರು "ಇನ್ನೊಂಚೂರು" ಎನ್ನುತ್ತಿದ್ದರು. ಯಂತ್ರದ ಗುಂಡಿಯ ಮೇಲೆ ಬೆರಳಿಟ್ಟು ನಿಂತಿದ್ದವಳು ನಾನು.

ಒಮ್ಮೆ ಆ ಬೆರಳು ಯಂತ್ರದವರಿಗೇ ಫೋನ್ ಮಾಡಿತು. ಬ್ಯಾಂಕಿನ ಒಬ್ಬರು ಎಷ್ಟು ಬೇಗ ನಡೆದರೂ ನಾಡಿ ಏರುತ್ತಲೇ ಇರಲಿಲ್ಲ. ಬೆವರು ಸುರಿಯುತ್ತಿದೆ, ಉಸಿರು ಬಿಗಿಯುತ್ತಿದೆ, ನಾಡಿ ಮಾತ್ರ ತಾಂಬೂಲ ಹಾಕಿಕೊಂಡು ಕೂತವರ ಹಾಗಿದೆ. ಯಂತ್ರ ಕೆಟ್ಟಿದೆ ಎಂದು ಮೆಕ್ಯಾನಿಕ್‌ನನ್ನು ಕರೆಸಿಬಿಟ್ಟೆ. ಅವನು ಎಲ್ಲ ಬಿಚ್ಚಿ ಹರಡಿಕೊಂಡ ಮೇಲೆ ಸಣ್ಣ ಡಾಕ್ಟರು ಬಂದು, "ಅವರು ತಗೊಳೋ ಮಾತ್ರೆ ಯಾವುದು ಕೇಳಿದ್ರಾ? ಆ ಮಾತ್ರೆ ನಾಡಿಯನ್ನ ಮೇಲಕ್ಕೆ ಹೋಗೋಕೆ ಬಿಡಲ್ಲ" ಎಂದರು. ಮೆಕ್ಯಾನಿಕ್ ನನ್ನನ್ನು ನೋಡಿದ ನೋಟ! ಅಂದಿನಿಂದ ಮೊದಲ ಪ್ರಶ್ನೆ ಮಾತ್ರೆಯದ್ದೇ. ಈಗ ಸೇರುವವರಿಗೂ ನಾನು ಖಚಿತವಾಗಿ ಹೇಳಬಲ್ಲ ಮಾತು ಅದೊಂದೇ.

ಇಷ್ಟು ಗೊಂದಲದ ಗಂಟು ಹೊತ್ತುಕೊಂಡಿದ್ದಾಗ ರುದ್ರಪ್ಪನವರು ಬಂದರು.

ಪೇಟೆಯಲ್ಲಿ ತಲೆತಲಾಂತರದಿಂದ ಬೆಲ್ಲದ ಮಂಡಿ ಇದ್ದ ಮನೆತನ ಅವರದು. ವಾಸ ಚಾಮರಾಜಪೇಟೆ. ಐವತ್ತು ದಾಟಿದ್ದರು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಇಷ್ಟಲಿಂಗವಿದ್ದ ಬೆಳ್ಳಿಯ ಕರಡಿಗೆ, ತೋಳು ನೋಡಿದರೆ ನನ್ನ ಪಟ್ಟಿ ಸುತ್ತಲು ಸಾಲುವುದೋ ಇಲ್ಲವೋ ಎನ್ನುವಷ್ಟು ದಪ್ಪ. ಜೊತೆಗೆ ಬಂದವರು ಅವರ ಹೆಂಡತಿ ಗೌರಮ್ಮ, ಸಣ್ಣ ಮೈಕಟ್ಟಿನ, ದೊಡ್ಡ ಕುಂಕುಮದ, ಗಂಡ ಬಾಯಿ ತೆರೆಯುವ ಮೊದಲೇ ಉತ್ತರ ಹೇಳುವ ಹೆಂಗಸು. ಅವರ ಬೀದಿಯ ಮಠದಲ್ಲಿ ಶ್ರಾವಣದ ಕಡೆಯ ಸೋಮವಾರ ಉತ್ಸವ. ಅದರ ಮುಂದೆ ನಂದಿಕೋಲು ಹೋಗಬೇಕು. ಉದ್ದನೆಯ ಬಿದಿರಿಗೆ ಮೇಲಿನಿಂದ ಕೆಳಗಿನವರೆಗೆ ಹಿತ್ತಾಳೆಯ ಫಲಕ, ರೇಷ್ಮೆ ಬಟ್ಟೆ, ತುದಿಗೆ ಕಳಶ. ಸೊಂಟಕ್ಕೆ ಬಿಗಿದ ಚರ್ಮದ ಪಟ್ಟಿಯ ಗುಳಿಯಲ್ಲಿ ಅದರ ಬುಡ ನಿಲ್ಲಿಸಿಕೊಂಡು, ಎರಡು ಕೈಯಲ್ಲಿ ಹಿಡಿದು, ಕರಡಿ ವಾದ್ಯಕ್ಕೆ ಹೆಜ್ಜೆ ಹಾಕಬೇಕು. ಅಕ್ಕಪಕ್ಕ ಹಗ್ಗ ಹಿಡಿದವರು ಇರುತ್ತಾರೆ, ಆದರೂ ಭಾರವೆಲ್ಲ ಒಬ್ಬನದೇ. ಆ ಒಬ್ಬ ಬಹಳ ವರ್ಷಗಳಿಂದ ರುದ್ರಪ್ಪನವರು, ಅವರಿಗೆ ಮೊದಲು ಅವರ ತಂದೆ. ಆ ತಂದೆ ಉತ್ಸವ ಮುಗಿಸಿ ಬಂದು ಜಗಲಿಯಲ್ಲಿ ಕೂತಾಗ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತಂತೆ. ಮಾತೂ ಹೋಯಿತು. ಹಾಗೇ ಎರಡು ವರ್ಷ ಹಾಸಿಗೆಯಲ್ಲಿದ್ದರಂತೆ.

"ಇವರಿಗೂ ಬಿ.ಪಿ. ಇದೆ" ಎಂದರು ಗೌರಮ್ಮ. "ಎತ್ತಬಹುದು ಅಂದ್ರೆ ಎತ್ತಲಿ, ಎತ್ತಬಾರದು ಅಂದ್ರೆ ಬಿಡಲಿ. ನೀವು ಹೇಳಿ ಡಾಕ್ಟ್ರೇ. ನಾನು ಹೇಳಿದ್ರೆ ಹೆಂಗಸಿನ ಮಾತು ಅಂತಾರೆ."

"ಎತ್ತದೆ ಇದ್ರೆ ಯಾರೋ ಎತ್ತಾರೆ, ಬಿಡು" ಎಂದರು ರುದ್ರಪ್ಪನವರು. ಆದರೆ 'ಯಾರೋ' ಎನ್ನುವಾಗ ಅವರ ಧ್ವನಿ ಸಣ್ಣದಾದದ್ದು ನನಗೆ ಕೇಳಿಸಿತು.

ಇ.ಸಿ.ಜಿ. ತೆಗೆದೆ. ಗೆರೆಗಳು ಎತ್ತರೆತ್ತರ. ಸಣ್ಣ ಡಾಕ್ಟರು ಅದನ್ನು ಬೆಳಕಿಗೆ ಹಿಡಿದು, "ಬಿ.ಪಿ. ಇದ್ದೂ ಇದ್ದೂ ನಿಮ್ಮ ಹೃದಯದ ಗೋಡೆ ಸ್ವಲ್ಪ ದಪ್ಪ ಆಗಿರೋ ಹಾಗಿದೆ" ಎಂದರು. ರುದ್ರಪ್ಪನವರ ಮುಖ ಅರಳಿತು. "ದಪ್ಪ ಆದ್ರೆ ಒಳ್ಳೇದೇ ಅಲ್ವಾ ಸ್ವಾಮಿ? ಸಣ್ಣೋನಿದ್ದಾಗ ಗರಡೀಲಿ ಸಾಮು ಮಾಡ್ದೋನು ನಾನು" ಎಂದು ತೋಳು ಮಡಚಿ ತೋರಿಸಿದರು. ತೋಳು ದಪ್ಪವಾದರೆ ಬಲ, ಹೃದಯ ದಪ್ಪವಾದರೆ ದಣಿವು, ಎರಡೂ ದುಡಿದೇ ದಪ್ಪವಾಗುವುದು. ಡಾಕ್ಟರು ಅದನ್ನು ವಿವರಿಸಿದರು. ರುದ್ರಪ್ಪನವರು ನಂಬದ ಮುಖದಲ್ಲಿ ನನ್ನ ಕಡೆ ನೋಡಿದರು. ನಾನು ಕಿಟಕಿಯ ಕಡೆ ನೋಡಿದೆ.

ಮಾತ್ರೆ ಹೊಂದಿಸಿ, ಮೂರು ವಾರ ಬಿಟ್ಟು ಟ್ರೆಡ್‌ಮಿಲ್ ಹತ್ತಿಸಿದೆವು. ಬೆಳ್ಳಿ ಕರಡಿಗೆ ಎದೆಯ ತಂತಿಗಳಿಗೆ ತಾಗಿ ಗೆರೆ ನಡುಗುತ್ತಿತ್ತು. ತೆಗೆದಿಡಿ ಎನ್ನುವ ಹಾಗಿಲ್ಲ. ಅದು ಅವರ ಲಿಂಗ, ಮೈಯಿಂದ ಬೇರೆ ಮಾಡುವಂತಿಲ್ಲ. ಕೊನೆಗೆ ಗೌರಮ್ಮನೇ ಅದನ್ನು ಒಂದು ಶುಭ್ರ ಬಟ್ಟೆಯಲ್ಲಿ ಸುತ್ತಿ ಭುಜದ ಹತ್ತಿರ ಎತ್ತಿ ಕಟ್ಟಿದರು. ರುದ್ರಪ್ಪನವರು ನಡೆದರು, ಏರು ಹೆಚ್ಚಿಸಿದರೂ ನಡೆದರು, ಮಂಡಿಯ ಮಾತು ಆಡುತ್ತ ಆಡುತ್ತಲೇ ನಡೆದರು. ಮೇಲಿನ ಸಂಖ್ಯೆ ಏರಬೇಕಾದಷ್ಟು ಏರಿತು, ಕೆಳಗಿನದು ಹೆಚ್ಚೇನೂ ಅಲುಗಲಿಲ್ಲ. ಸಣ್ಣ ಡಾಕ್ಟರಿಗೆ ಸಂತೋಷವಾಯಿತು. "ಚೆನ್ನಾಗಿದೆ. ಶ್ರಮದ ಕೆಲ್ಸ ಮಾಡ್ಬಹುದು ಅಂತ ಬರ್ಕೊಡ್ತೀನಿ" ಎಂದು ಸರ್ಟಿಫಿಕೇಟ್ ಬರೆದುಕೊಟ್ಟರು. ಅದು ಅಂದೇ ಸಂಜೆ ಮಠದ ಹಿರಿಯರ ಕೈ ಸೇರಿತು.

ಎರಡು ದಿನ ಬಿಟ್ಟು ಗೌರಮ್ಮ ಒಂದು ಡಬ್ಬಿ ತುಂಬ ಕರ್ಜಿಕಾಯಿ ತಂದರು. ದೊಡ್ಡ ಡಾಕ್ಟರು ಒಂದನ್ನು ಕೈಗೆತ್ತಿಕೊಂಡಿದ್ದರು. "ನೀವೂ ತಗೊಳಿ ವಿಮಲಮ್ನೋರೇ" ಎಂದು ನನಗೂ ಕೊಡುತ್ತಾ ಗೌರಮ್ಮ, "ಇನ್ನು ಆ ದಿನದ್ದೇ ಯೋಚ್ನೆ. ಭಾನುವಾರ ರಾತ್ರಿಯಿಂದ ಕೋಲು ಇಳಿಸೋವರ್ಗೂ ಬಾಯಿಗೆ ಏನೂ ಹಾಕ್ಕೊಳಲ್ಲ ಇವ್ರು. ನೀರೂ ಇಲ್ಲ" ಎಂದರು.

"ಮಾತ್ರೆ?" ಎಂದೆ.

"ಏನೂ ಅಂದ್ರೆ ಏನೂ ಇಲ್ಲ. ಮಾತ್ರೆ ಏನು ಮೂಗಲ್ಲಿ ತಗೋತಾರಾ?"

ದೊಡ್ಡ ಡಾಕ್ಟರು ಕರ್ಜಿಕಾಯಿಯನ್ನು ಹಾಗೇ ಡಬ್ಬಿಗೆ ವಾಪಸ್ ಇಟ್ಟರು. ಅಳಿಯನನ್ನು ಒಳಗೆ ಕರೆದರು. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ.

"ನಾವು ಮಾತ್ರೆ ಹಾಕಿದ ಮನುಷ್ಯನ್ನ ನಡೆಸಿ ನೋಡಿದ್ವಿ. ಅವನು ಮಾತ್ರೆ ಇಲ್ದೆ ಭಾರ ಎತ್ತೋನು. ಯಾವ್ದಕ್ಕೆ ಬರ್ಕೊಟ್ಟೆ ನೀನು?"

"ಮಾವ, ಟ್ರೆಡ್‌ಮಿಲ್ ನಾರ್ಮಲ್ ಇತ್ತಲ್ಲ!"

"ನಡಿಗೆ ನಾರ್ಮಲ್ಲು. ಕೋಲು ಹೊತ್ಕೊಂಡು ಅಲ್ಲಾಡದೆ ನಿಲ್ಲೋದು ನಡಿಗೆ ಅಲ್ಲಪ್ಪ. ಸ್ನಾಯು ಬಿಗಿ ಹಿಡಿದ್ರೆ ಅಡ್ಡರಸ್ತೆಗಳಿಗೆಲ್ಲ ಒಟ್ಟಿಗೆ ಹಗ್ಗ ಕಟ್ಟಿದ ಹಾಗೆ. ಮೇಲೆ ಉಸಿರೂ ಕಟ್ಟಿದ್ರೆ?"

"ಹಾಗಂತ ಎತ್ತೋದನ್ನ ನೋಡದೇ ಬೇಡ ಅಂತಲೂ ಹೇಳೋಕಾಗಲ್ವಲ್ಲ."

"ಸರಿ, ನೋಡೋಣ."

ಹೀಗೆ ಒಂದು ಬೆಳಿಗ್ಗೆ ನಾವು ಮೂವರೂ ಬಿ.ಪಿ. ನೋಡುವ ಪಾದರಸದ ಪೆಟ್ಟಿಗೆಯನ್ನು ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಚಾಮರಾಜಪೇಟೆಯ ಆ ಮಠದ ಅಂಗಳಕ್ಕೆ ಹೋದೆವು. ರುದ್ರಪ್ಪನವರು ಮಾತ್ರೆ ತೆಗೆದುಕೊಂಡೇ ಬಂದಿದ್ದರು. ಅದು ದೊಡ್ಡ ಡಾಕ್ಟರ ಷರತ್ತು. ಕೋಲನ್ನು ಎಲ್ಲ ಅಲಂಕಾರದ ಸಮೇತ ತಂದಿದ್ದರು. ಹಗ್ಗ ಹಿಡಿಯಲು ಬಂದವರಲ್ಲಿ ಗೌರಮ್ಮನ ತಮ್ಮ ಮಲ್ಲಿಕಾರ್ಜುನನೂ ಇದ್ದ. ಮೂವತ್ತೈದರ ಹರೆಯ, ಭಾವನ ಮಂಡಿಯಲ್ಲೇ ಕೆಲಸ. "ಭಾವ, ಡಾಕ್ಟ್ರು ಪಾಸ್ ಮಾಡ್ಲಿಲ್ಲ ಅಂದ್ರೆ ಸಪ್ಲಿಮೆಂಟರಿ ಇದ್ಯಾ?" ಎಂದು ಅವನು ಕಾಲೆಳೆದ. "ಮುಚ್ಚೋ ಬಾಯಿ, ಹಗ್ಗ ನೋಡ್ಕೋ" ಎಂದು ರುದ್ರಪ್ಪನವರು ಗದರಿದರು.

ಒಂದು ತೊಡಕು ಎದುರಾಯಿತು. ಎರಡೂ ಕೈಯಲ್ಲಿ ಕೋಲು ಹಿಡಿದರೆ ಬಿ.ಪಿ. ನೋಡುವುದು ಹೇಗೆ? ಬಿಗಿದ ತೋಳಿನಲ್ಲಿ ನಾಡಿಯ ಶಬ್ದ ಸರಿಯಾಗಿ ಕೇಳುವುದಿಲ್ಲ. ರುದ್ರಪ್ಪನವರು, ಕೋಲು ಸೊಂಟಕ್ಕೆ ನಿಂತ ಮೇಲೆ ಎಡಗೈ ಬಿಡಬಲ್ಲೆ ಎಂದರು. ಬಿಟ್ಟ ಕೈಗೆ ಆಸರೆ ಬೇಕಲ್ಲ, ದೊಡ್ಡ ಡಾಕ್ಟರು ತಾವೇ ಪಕ್ಕಕ್ಕೆ ಹೋಗಿ ನಿಂತು, "ನನ್ನ ಹೆಗಲ ಮೇಲೆ ಇಡಿ" ಎಂದರು. ಗಂಭೀರವಾಗಿ ಕೋಟು ಹಾಕಿಕೊಂಡ ಡಾಕ್ಟರು, ಅವರ ಹೆಗಲ ಮೇಲೆ ಬೆಲ್ಲದ ವ್ಯಾಪಾರಿಯ ತೋಳು, ಅದಕ್ಕೆ ಪಟ್ಟಿ ಸುತ್ತುತ್ತಿರುವ ನಾನು, ಮೇಲೆ ಆಕಾಶದಲ್ಲಿ ತೂಗುವ ಹಿತ್ತಾಳೆಯ ಕಳಶ. ಆ ಗಳಿಗೆಯಲ್ಲಿ ನಮ್ಮ ಶಾಲೆಯ ಮದರ್ ನನ್ನನ್ನು ಕಂಡಿದ್ದರೆ ಎಂದುಕೊಂಡೆ.

ಎತ್ತುವಾಗ ರುದ್ರಪ್ಪನವರ ಮುಖ ನೋಡಿದೆ. ಕೊರಳಿನ ನರಗಳು ಹಗ್ಗದಂತೆ ಎದ್ದವು, ತುಟಿ ಒಳಗೆ ಸೇರಿತು, ಮೂಗಿನ ಹೊಳ್ಳೆ ಅಲುಗಲಿಲ್ಲ. ಉಸಿರೇ ಇಲ್ಲ. ನಾನು ರಬ್ಬರ್ ಬಲ್ಬು ಒತ್ತಿದೆ. ಇನ್ನೂರಕ್ಕೆ ಏರಿಸಿದರೂ ಕಿವಿಗೆ ಬಡಿತ ಕೇಳುತ್ತಲೇ ಇತ್ತು. ಇನ್ನಷ್ಟು ಏರಿಸಿದೆ, ಆಗಲೂ ಕೇಳುತ್ತಿತ್ತು. ಬಡಿತ ನಿಲ್ಲದಿದ್ದರೆ ಒತ್ತಡ ಅದಕ್ಕೂ ಮೇಲಿದೆ ಎಂದರ್ಥ. ಕೆಳಗಿನ ಸಂಖ್ಯೆಯೂ ನಡಿಗೆಯಲ್ಲಿ ಕಂಡದ್ದಕ್ಕಿಂತ ಎಷ್ಟೋ ಮೇಲಿತ್ತು. ದೊಡ್ಡ ಡಾಕ್ಟರು ತಲೆ ತಿರುಗಿಸಲು ಆಗದೆ, "ಎಷ್ಟು? ಎಷ್ಟು ವಿಮಲಮ್ನೋರೇ?" ಎಂದು ಕೇಳುತ್ತಿದ್ದರು. ಸಣ್ಣ ಡಾಕ್ಟರು ನನ್ನ ಹಿಂದಿನಿಂದ ಪಾದರಸ ನೋಡಿ, "ಇಳಿಸಿ, ಇಳಿಸಿ ಕೋಲು!" ಎಂದು ಕೂಗಿದರು.

ಇಳಿಸಿದ ಮೇಲೆ ರುದ್ರಪ್ಪನವರು ಒಂದು ಚೂರೂ ದಣಿದಿರಲಿಲ್ಲ. "ನಂಗೇನೂ ಆಗ್ಲಿಲ್ಲವಲ್ಲ! ತಲೆ ನೋವೂ ಇಲ್ಲ, ಸುತ್ತೂ ಇಲ್ಲ" ಎಂದರು. ಅದೇ ನನ್ನನ್ನು ಇನ್ನಷ್ಟು ಗೊಂದಲಕ್ಕೆ ಹಾಕಿತು. ಟ್ರೆಡ್‌ಮಿಲ್ ಮೇಲೆ ಬೆವರಿ ಬಸವಳಿದವರ ಪಾದರಸ ಮಿತಿಯಲ್ಲಿರುತ್ತಿತ್ತು. ಇಲ್ಲಿ ನಗುತ್ತಾ ನಿಂತ ಮನುಷ್ಯನದು ಕಂಡರೆ ಭಯವಾಗುವಷ್ಟು ಮೇಲೆ. ಮೈಗೆ ಗೊತ್ತಾಗದೆ ಮೈಯಲ್ಲಿ ಇಷ್ಟೆಲ್ಲ ನಡೆಯುವುದಾದರೆ ಯಾರನ್ನು ಕೇಳಬೇಕು?

"ಮಾತ್ರೆ ತಗೊಂಡೇ ಇಷ್ಟು. ತಗೊಳದೆ ಇದ್ರೆ ನಾನು ನೋಡೋಕೂ ಬರಲ್ಲ" ಎಂದರು ದೊಡ್ಡ ಡಾಕ್ಟರು. "ನಡೀರಿ, ಎಷ್ಟು ಬೇಕಾದ್ರೂ ನಡೀರಿ. ಎತ್ತೋದು ಬೇಡ."

ಸಣ್ಣ ಡಾಕ್ಟರು ಮಠದ ಹಿರಿಯರ ಬಳಿ ಹೋಗಿ ತಮ್ಮ ಸರ್ಟಿಫಿಕೇಟ್ ವಾಪಸ್ ಕೇಳಿ ಪಡೆದರು. ನನಗೆ ಅವರ ಬಗ್ಗೆ ಅಂದು ಬಂದ ಗೌರವ ಕಡೆಯವರೆಗೂ ಉಳಿಯಿತು. ರುದ್ರಪ್ಪನವರು ಸೊಂಟದ ಪಟ್ಟಿ ಬಿಚ್ಚದೆ ನನ್ನ ಹತ್ತಿರ ಬಂದು, "ಅಮ್ಮಾ, ನಡೀರಿ ಅಂತೀರಿ, ಎತ್ಬೇಡಿ ಅಂತೀರಿ. ಎರಡೂ ಮೈಬಗ್ಗಿಸೋದೇ ತಾನೇ? ನೀವೇ ಹೇಳಿ" ಎಂದರು. ನನಗೆ ಅಡ್ಡರಸ್ತೆಯ ಮಾತು ನಾಲಿಗೆಯ ತುದಿಗೆ ಬಂತು, ಆದರೆ ಅವರು ಕೇಳುತ್ತಿದ್ದುದು ಅದನ್ನಲ್ಲ ಎಂದು ಅನಿಸಿತು. ಗೌರಮ್ಮ ಬಂದು ತಾವೇ ಗಂಡನ ಸೊಂಟದ ಪಟ್ಟಿಯ ಬಕ್ಕಲು ಬಿಚ್ಚಿ ತಮ್ಮನ ಕೈಗೆ ಕೊಟ್ಟರು. ಮಲ್ಲಿಕಾರ್ಜುನ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಹಣೆಗೆ ಒತ್ತಿಕೊಂಡ.

ಉತ್ಸವದ ಹಿಂದಿನ ದಿನ ಗೌರಮ್ಮ ಮತ್ತೆ ಕ್ಲಿನಿಕ್ಕಿಗೆ ಬಂದು ನನ್ನನ್ನು ಪಕ್ಕಕ್ಕೆ ಕರೆದರು.

"ನಾಳೆ ನೀವು ಆ ಪೆಟ್ಟಿಗೆ ತಗೊಂಡ್ ಬರ್ಬೇಕು."

"ಯಾಕ್ರೀ? ಅವರು ಎತ್ತಲ್ವಲ್ಲ?"

"ಮಲ್ಲಿ ಎತ್ತಾನೆ. ಇವ್ರು ಜಗಲೀಲಿ ಕೂತ್ಕೊಂಡು ನೋಡ್ತೀನಿ ಅಂತ ಒಪ್ಪಿದಾರೆ. ಆದ್ರೆ ಕರಡಿ ಸದ್ದು ಕೇಳಿದ್ರೆ ಇವ್ರು ಕೂತಲ್ಲಿ ಕೂರೋ ಪೈಕಿ ಅಲ್ಲ. ಕೊನೇ ಗಳಿಗೇಲಿ ಹೋಗಿ ಕಿತ್ಕೊಂಡ್ಬಿಡ್ತಾರೆ. ನೀವು ಆ ಪಟ್ಟಿ ಕೈಗೆ ಸುತ್ತಿದ್ರೆ ಮಾತ್ರ ಅಲ್ಲಾಡಲ್ಲ, ನಾನು ನೋಡಿದೀನಲ್ಲ. ಸಂತೇಲಿ ಹಸು ಕಟ್ಟಿದಂಗೆ ಕಟ್ಬಿಡಿ."

ದೊಡ್ಡ ಡಾಕ್ಟರಿಗೆ ಹೇಳಿದೆ. ಅವರು ಬಹಳ ಹೊತ್ತು ನಕ್ಕು, "ವೈದ್ಯಶಾಸ್ತ್ರದಲ್ಲಿ ಇಲ್ದೇ ಇರೋ ಉಪಯೋಗ. ಹೋಗಿ ಬನ್ನಿ" ಎಂದರು.

ಸೋಮವಾರ ನಾನು ಮಠದ ಎದುರಿನ ಮನೆಯ ಜಗಲಿಯಲ್ಲಿ ರುದ್ರಪ್ಪನವರ ಪಕ್ಕ ಕೂತೆ. ಅವರ ತೋಳಿಗೆ ಪಟ್ಟಿ, ನಮ್ಮಿಬ್ಬರ ನಡುವೆ ಪಾದರಸದ ಪೆಟ್ಟಿಗೆ. ಬೆಳಿಗ್ಗೆ ಮಠದ ಹಿರಿಯರು, ಎತ್ತದವನಿಗೆ ಉಪವಾಸದ ಕಟ್ಟು ಇಲ್ಲ ಎಂದಿದ್ದರಂತೆ, ಗೌರಮ್ಮ ಮಾತ್ರೆ ನುಂಗಿಸಿ ಕೂರಿಸಿದ್ದರು. ಶುರುವಿಗೆ ನೋಡಿದೆ, ಚೆನ್ನಾಗಿತ್ತು. "ಎಷ್ಟು?" ಎಂದರು. ಹೇಳಿದೆ. "ನೋಡಿ, ಆರಾಮಾಗಿದೀನಿ" ಎಂದರು.

ಕರಡಿ ವಾದ್ಯ ಶುರುವಾಯಿತು. ಅಂಗಳದ ಬಾಗಿಲಲ್ಲಿ ಮಲ್ಲಿಕಾರ್ಜುನ ಕೋಲಿನ ಬುಡವನ್ನು ಸೊಂಟಕ್ಕೆ ಸೇರಿಸಿ ನಿಂತ. ಹಗ್ಗದವರು ಕೂಗಿದರು. ಕೋಲು ಏಳುತ್ತಾ ಒಮ್ಮೆ ಬಲಕ್ಕೆ ವಾಲಿತು. ಫಲಕಗಳು ಝಲ್ಲೆಂದವು. ಜನರಿಂದ "ಓ" ಎಂದು ಸದ್ದು ಬಂತು. ನನ್ನ ಪಕ್ಕದಲ್ಲಿ ಏನೋ ಬಿಗಿದ ಹಾಗಾಯಿತು. ತಿರುಗಿ ನೋಡಿದರೆ ರುದ್ರಪ್ಪನವರ ಬಲ ಮುಷ್ಟಿ ಎದೆಯ ಮುಂದೆ, ಕಾಣದ ಬಿದಿರನ್ನು ಹಿಡಿದ ಹಾಗೆ. ಕೊರಳ ನರ ಎದ್ದಿದೆ. ತುಟಿ ಒಳಗೆ ಸೇರಿದೆ. ಉಸಿರಿಲ್ಲ. ಪಟ್ಟಿಯಲ್ಲಿದ್ದ ಎಡಗೈಯನ್ನು ಮಾತ್ರ ಅಲ್ಲಾಡಿಸದೆ ನನ್ನ ಮುಂದೆ ಪಾಪದವರಂತೆ ಚಾಚಿದ್ದರು.

ಬಲ್ಬು ಒತ್ತಿದೆ. ಪಾದರಸ ಏರಿತು, ಇನ್ನೂ ಏರಿತು, ಬಡಿತ ನಿಲ್ಲಲೇ ಇಲ್ಲ. ಅಂದು ಅಂಗಳದಲ್ಲಿ ಎತ್ತಿದಾಗ ಕಂಡಷ್ಟಲ್ಲ, ಆದರೆ ಅದಕ್ಕೆ ಬಹಳ ದೂರವೂ ಅಲ್ಲ. ಕೂತ ಮನುಷ್ಯ! ಕೈಯಲ್ಲಿ ಏನೂ ಇಲ್ಲ!

"ರುದ್ರಪ್ಪನೋರೇ, ಉಸಿರು ಬಿಡಿ" ಎಂದೆ.

ತಲೆ ಅಲ್ಲಾಡಿಸಿದರು. ಹಲ್ಲು ಕಚ್ಚಿಕೊಂಡೇ, "ಅವ್ನು ನಿಲ್ಲಿಸ್ಲಿ ಮೊದ್ಲು" ಎಂದರು.

"ಅವನು ನಿಲ್ಲಿಸ್ತಾನೆ. ನೀವು ಬಿಡಿ."

"ಬುಡ ಒಳಗೆ ಎಳ್ಕೋಬೇಕು ಅವ್ನು, ಹೊಟ್ಟೆ ಕಡೆಗೆ... ಎಳ್ಕೊಳೋ..." ಎಂದು ಗೊಣಗುತ್ತಿದ್ದರು. ಅಷ್ಟು ದೂರ ಕೇಳುವಂತಿರಲಿಲ್ಲ. ಆದರೆ ಮಲ್ಲಿಕಾರ್ಜುನ ಅದೇ ಗಳಿಗೆಗೆ ಬುಡವನ್ನು ಒಳಕ್ಕೆ ಎಳೆದುಕೊಂಡ. ಕೋಲು ನೆಟ್ಟಗಾಯಿತು. ಕಳಶ ಬಿಸಿಲಿಗೆ ಸಿಕ್ಕಿ ಮಿಂಚಿತು. ಅವನು ಮೊದಲ ಹೆಜ್ಜೆ ಇಟ್ಟ, ಎರಡನೆಯದು, ಕರಡಿಯ ಗತಿಗೆ ಸರಿಯಾಗಿ.

ರುದ್ರಪ್ಪನವರ ಎದೆಯಿಂದ ದೊಡ್ಡದೊಂದು ಉಸಿರು ಹೊರಬಂತು. ಮುಷ್ಟಿ ತಾನಾಗಿ ಬಿಚ್ಚಿತು. ನಾನು ಒಂದೆರಡು ನಿಮಿಷ ಬಿಟ್ಟು ಮತ್ತೆ ನೋಡಿದೆ, ಇಳಿದಿತ್ತು. ಪೂರ್ತಿ ಅಲ್ಲ, ಆದರೆ ಇಳಿಯುವ ದಾರಿಯಲ್ಲಿತ್ತು. ಅವರು ಕಣ್ಣು ಒರೆಸಿಕೊಂಡರು. ವಿಭೂತಿ ಕೆನ್ನೆಗೆಲ್ಲ ಮೆತ್ತಿತು.

"ಎಷ್ಟು ಹೋಗಿತ್ತಮ್ಮಾ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. ಹೇಳಿದೆ.

ಅವರು ಪೆಟ್ಟಿಗೆಯನ್ನೊಮ್ಮೆ, ದೂರ ಹೋಗುತ್ತಿದ್ದ ಕೋಲನ್ನೊಮ್ಮೆ ನೋಡಿದರು. ಆಮೇಲೆ ನಿಜವಾಗಿಯೂ ತಿಳಿಯದವರಂತೆ ನನ್ನನ್ನು ಕೇಳಿದರು: "ಹಾಗಾದ್ರೆ ಮುಂದಿನ ವರ್ಷ ಸುಮ್ನೆ ನೋಡೋಕೂ ಡಾಕ್ಟ್ರ ಸರ್ಟಿಫಿಕೇಟ್ ಬೇಕಾ?"

ಹಿಂದೆ ಬಾಗಿಲಲ್ಲಿ ನಿಂತಿದ್ದ ಗೌರಮ್ಮ, "ಬೇಕು" ಎಂದರು.